ಡಾರ್ಜಿಲಿಂಗ್‌ನ ಪುಟ್ಟ ಮೃಗಾಲಯಕ್ಕೆ ಅರ್ಧ ದಿನ ಮೀಸಲಿಡಬಹುದೇ?

ಪ್ರಶ್ನೆ: ಮಂಡಿನೋವಿರುವ ತಾಯಿ ಹಾಗೂ ಎಂಟು ವರ್ಷದ ಮಗನೊಂದಿಗೆ ಏಪ್ರಿಲ್‌ನಲ್ಲಿ ಡಾರ್ಜಿಲಿಂಗ್‌ಗೆ ಹೊರಟಿದ್ದೇವೆ. ಮೈಸೂರು ಮೃಗಾಲಯವನ್ನು ಹಲವು ಬಾರಿ ನೋಡಿರುವ ನಮಗೆ ಅಲ್ಲಿನ ಪದ್ಮಜಾ ನಾಯ್ಡು ಮೃಗಾಲಯದಲ್ಲಿ ಹೊಸದೇನಾದರೂ ಸಿಗುವುದೇ? ಹೋಗಿಬಂದವರು ದಯವಿಟ್ಟು ತಿಳಿಸಿ.

ಉತ್ತರ 1: ಖಂಡಿತ ಹೋಗಿ. ಆದರೆ ಮೈಸೂರಿನ ಹರವನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ; ಜಿರಾಫೆ, ಜೀಬ್ರಾಗಳನ್ನು ಹುಡುಕುವ ಜಾಗ ಅದಲ್ಲ. 1958ರಲ್ಲಿ, ಸುಮಾರು 7,000 ಅಡಿ ಎತ್ತರದಲ್ಲಿ ಆರಂಭವಾದ ಈ ಮೃಗಾಲಯದ ಗಮನವೆಲ್ಲ ಹಿಮಾಲಯದ ಜೀವಿಗಳ ಮೇಲೆಯೇ ಇದೆ. ಕೆಂಪು ಪಾಂಡಾ ಸೆಖೆಯನ್ನು ತಾಳಲಾರದ ಪ್ರಾಣಿಯಾದ್ದರಿಂದ, ಬಯಲುಸೀಮೆಯ ಊರುಗಳಲ್ಲಿ ಕಷ್ಟಪಟ್ಟು ಒದಗಿಸಬೇಕಾದ ತಂಪು ಅಲ್ಲಿ ತಾನಾಗಿಯೇ ಇದೆ. ನಾವು ಮೊದಲ ದಿನ ಮಧ್ಯಾಹ್ನ ಹೋದಾಗ ಅದು ಕೊಂಬೆಯ ಮೇಲೆ ಬಾಲವನ್ನು ಸುತ್ತಿಕೊಂಡು ಮಲಗಿತ್ತು. ಮರುದಿನ ಬೆಳಿಗ್ಗೆ ಬೇಗ ಹೋದಾಗಲೇ ಬಿದಿರೆಲೆ ಮೆಲ್ಲುವುದನ್ನು ನೋಡಲು ಸಾಧ್ಯವಾಯಿತು.

ಉತ್ತರ 2: ಬೋನಿನಲ್ಲಿಟ್ಟು ತೋರಿಸುವುದನ್ನು ಸಂರಕ್ಷಣೆ ಎನ್ನುವುದು ಹೇಗೆಂದು ನನಗೂ ಅನುಮಾನವಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೂ ಒಂದು ಸಂಗತಿಯನ್ನು ನಿಮ್ಮ ಮಗನಿಗೆ ಹೇಳಿ ಕರೆದೊಯ್ಯಿರಿ: ಇಲ್ಲಿ ಬೆಳೆದ ಸ್ವೀಟಿ, ಮಿನಿ ಎಂಬ ಎರಡು ಹೆಣ್ಣು ಕೆಂಪು ಪಾಂಡಾಗಳನ್ನು 2003ರಲ್ಲಿ ಸಿಂಗಲೀಲಾ ರಾಷ್ಟ್ರೀಯ ಉದ್ಯಾನದಲ್ಲಿ ಬಿಡಲಾಯಿತು. ಮಿನಿ ಬೇಟೆಯಾಡುವ ಪ್ರಾಣಿಯೊಂದಕ್ಕೆ ಬಲಿಯಾಯಿತು. ಸ್ವೀಟಿ ಕಾಡಿನಲ್ಲಿಯೇ ಮರಿ ಹಾಕಿತು. ಬೋನಿನಲ್ಲಿ ಮರಿ ಮಾಡಿಸುವುದಕ್ಕಿಂತ, ಆ ಮರಿಯನ್ನು ಕಾಡಿನ ಬದುಕಿಗೆ ಅಣಿಗೊಳಿಸುವುದು ಎಷ್ಟು ಕಷ್ಟವೆಂಬುದು ಇದರಿಂದ ಅರ್ಥವಾಗುತ್ತದೆ. ಹಿಮಚಿರತೆಗಳ ಸಂತಾನೋತ್ಪತ್ತಿ ಕೇಂದ್ರವು ಜನಸಂದಣಿಯಿಂದ ದೂರದ ತೋಪ್ಕೆ ದಾರಾದಲ್ಲಿದ್ದು, ಅಲ್ಲಿಗೆ ಪ್ರವಾಸಿಗರನ್ನು ಬಿಡುವುದಿಲ್ಲ, ಬಿಡದಿರುವುದೇ ಸರಿ. ಹೀಗಾಗಿ ಮುಖ್ಯ ಕೆಲಸದ ಬಹುಪಾಲು ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಉತ್ತರ 3: ತಾಯಿಯವರ ವಿಷಯ ಯಾರೂ ಹೇಳಲಿಲ್ಲ. ದ್ವಾರದಿಂದ ಒಳಗೆ ದಾರಿಯೆಲ್ಲ ಏರು. ನಮ್ಮ ಅತ್ತೆಯವರು ಎರಡು ಕಡೆ ಕುಳಿತು ಸುಧಾರಿಸಿಕೊಳ್ಳಬೇಕಾಯಿತು. ಅದೇ ಆವರಣದಲ್ಲಿ ಹಿಮಾಲಯನ್ ಪರ್ವತಾರೋಹಣ ಸಂಸ್ಥೆಯ ವಸ್ತುಸಂಗ್ರಹಾಲಯವೂ ಇದ್ದು ಒಳಗೇ ನಡೆಯುವುದು ಬಹಳವಿರುವುದರಿಂದ, ಊರಿನ ಮುಖ್ಯ ಚೌಕವಾದ ಚೌರಸ್ತಾದಿಂದ ನಡೆಸಿಕೊಂಡು ಹೋಗದೆ ದ್ವಾರದವರೆಗೆ ಟ್ಯಾಕ್ಸಿಯಲ್ಲಿ ಹೋಗಿ, ಕಾಲಿನ ಶಕ್ತಿಯನ್ನು ಒಳಗಿನ ಏರಿಗೆ ಉಳಿಸಿಕೊಳ್ಳಿ. ಗುರುವಾರ ರಜೆ. ನಾವು ಅದನ್ನು ತಿಳಿದುಕೊಳ್ಳದೆ ಹೋಗಿ, ಮುಚ್ಚಿದ ಗೇಟನ್ನು ನೋಡಿಕೊಂಡು ಹಿಂತಿರುಗಿದೆವು.