ಸ್ಕ್ಯಾನ್ ಮಾಡಿದ ತತ್ವಪದ ಪುಸ್ತಕಗಳನ್ನು ಪಠ್ಯವಾಗಿಸಲು ಕ್ಯಾಪ್ಚಾ ವಿಧಾನ ನಮಗೆ ಒದಗುತ್ತದೆಯೇ?

ಪ್ರಶ್ನೆ: ಆಳಂದದ ಓದುಗ

ಎಲ್ಲರಿಗೂ ಶರಣಾರ್ಥಿಗಳು. ನಮ್ಮ ಭಾಗದ ಮಠವೊಂದರ ಕಪಾಟಿನಲ್ಲಿದ್ದ, ಅಚ್ಚುಮೊಳೆಯಲ್ಲಿ ಮುದ್ರಣಗೊಂಡ ಹಳೆಯ ತತ್ವಪದ ಸಂಗ್ರಹಗಳನ್ನು ಗೆಳೆಯರು ಸೇರಿ ಸ್ಕ್ಯಾನ್ ಮಾಡಿ, ಚಿತ್ರದಲ್ಲಿನ ಅಕ್ಷರಗಳನ್ನು ಗುರುತಿಸಿ ಪಠ್ಯವಾಗಿಸುವ (ಓಸಿಆರ್) ಟೆಸೆರಾಕ್ಟ್ ತಂತ್ರಾಂಶದ ಮೂಲಕ ಪಠ್ಯ ತೆಗೆದಿದ್ದೇವೆ. ಶಾಯಿ ಸರಿಯಾಗಿ ಹತ್ತಿದ ಪುಟಗಳು ಬಹುಮಟ್ಟಿಗೆ ಚೆನ್ನಾಗಿವೆ. ಶಾಯಿ ಮಾಸಿದಲ್ಲಿ ಒತ್ತಕ್ಷರಗಳು ಉದುರಿಹೋಗಿವೆ, ‘ಧ’ಕಾರದ ಕೆಳಗಿನ ಗೆರೆ ಕಾಣದೆ ‘ಧನ’ವೆಲ್ಲ ‘ದನ’ವಾಗಿದೆ. ಎರಡೂ ನಿಘಂಟಿನಲ್ಲಿರುವ ಪದಗಳೇ ಆದ್ದರಿಂದ ಕಾಗುಣಿತ ಪರೀಕ್ಷೆಯಲ್ಲಿಯೂ ಈ ತಪ್ಪು ಸಿಕ್ಕಿಬೀಳುವುದಿಲ್ಲ. ಹಿಂದೆ ಜಾಲತಾಣಗಳಲ್ಲಿ ‘ನೀವು ಮನುಷ್ಯರೇ’ ಎಂದು ಪರೀಕ್ಷಿಸುವ ಕ್ಯಾಪ್ಚಾ ಒಗಟುಗಳ ಮೂಲಕ ಇಂಗ್ಲಿಷ್ ಪುಸ್ತಕಗಳನ್ನು ತಿದ್ದಿಸಿದ್ದರೆಂದು ಕೇಳಿದ್ದೇನೆ. ಇಲ್ಲಿನ ಕಾಲೇಜುಗಳ ಜಾಲತಾಣಗಳಲ್ಲಿ ಅಂಥ ಒಗಟು ಇಡಿಸಿದರೆ ನಮ್ಮ ಕೆಲಸ ಆದೀತೇ?

ಉತ್ತರ 1: ಬೀದರಿನ ತಂತ್ರಾಂಶ ಉದ್ಯೋಗಿ

ನೀವು ಕೇಳಿದ್ದು ರೀಕ್ಯಾಪ್ಚಾ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಲೂಯಿಸ್ ಫಾನ್ ಆನ್ ಮತ್ತು ಸಂಗಡಿಗರು 2007ರಲ್ಲಿ ಇದನ್ನು ಆರಂಭಿಸಿದರು. 2009ರಲ್ಲಿ ಗೂಗಲ್ ಕೊಂಡುಕೊಂಡಿತು. ಒಂದೇ ಪುಟವನ್ನು ಎರಡು ಬೇರೆ ಬೇರೆ ಓಸಿಆರ್ ತಂತ್ರಾಂಶಗಳಿಗೆ ಓದಿಸಿ, ಅವೆರಡೂ ಭಿನ್ನವಾಗಿ ಓದಿದ ಅಥವಾ ನಿಘಂಟಿನಲ್ಲಿ ಸಿಗದ ಪದಗಳನ್ನು ಮಾತ್ರ ಅನುಮಾನದ ಪದಗಳೆಂದು ಬೇರ್ಪಡಿಸುತ್ತಿದ್ದರು. ಬಳಕೆದಾರರಿಗೆ ಎರಡು ಚಿತ್ರ ಕಾಣುತ್ತಿತ್ತು. ಒಂದರ ಉತ್ತರ ಗೊತ್ತಿದ್ದದ್ದು, ಇನ್ನೊಂದು ಅನುಮಾನದ್ದು. ಗೊತ್ತಿದ್ದ ಪದವನ್ನು ಸರಿಯಾಗಿ ಬರೆದವರ ಇನ್ನೊಂದು ಉತ್ತರಕ್ಕೆ ಒಂದು ಮತ, ಓಸಿಆರ್ ಊಹೆಗೆ ಅರ್ಧ ಮತ. ಎರಡೂವರೆ ಮತ ಕೂಡಿದರೆ ಆ ಓದು ಅಂಗೀಕೃತ. 2008ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಅವರು ಪ್ರಕಟಿಸಿದ ಲೇಖನದ ಪ್ರಕಾರ, ‘ನ್ಯೂಯಾರ್ಕ್ ಟೈಮ್ಸ್’ನ ಹಳೆಯ ಸಂಚಿಕೆಗಳ ಮೇಲೆ ಈ ವಿಧಾನ ಪದಮಟ್ಟದಲ್ಲಿ ಶೇಕಡಾ 99.1ರಷ್ಟು ನಿಖರವಾಗಿತ್ತು, ಓಸಿಆರ್ ಒಂದೇ ಆದರೆ ಶೇಕಡಾ 83.5. ಆದರೆ ಅದರ ಬಲವಿದ್ದದ್ದು ದಿನವೂ ಕೋಟಿಗಟ್ಟಲೆ ಹರಿದುಬರುತ್ತಿದ್ದ ಉತ್ತರಗಳಲ್ಲಿ. ಒಂದು ಕಾಲೇಜಿನ ಜಾಲತಾಣಕ್ಕೆ ಆ ಹರಿವು ಬಾರದು. ಮೇಲಾಗಿ, ಫಲಿತಾಂಶ ನೋಡಲು ಬಂದ ವಿದ್ಯಾರ್ಥಿಯನ್ನು ತಡೆದು, ಮೊಬೈಲಿನಲ್ಲಿ ಕನ್ನಡ ಕೀಲಿಮಣೆ ಇಲ್ಲದಿದ್ದರೂ ಒತ್ತಕ್ಷರ ಬರೆಸುವುದು ನ್ಯಾಯವೆಂದು ನನಗೆ ತೋರುವುದಿಲ್ಲ.

ಉತ್ತರ 2: ಕಲಬುರಗಿಯ ನಿವೃತ್ತ ಕನ್ನಡ ಅಧ್ಯಾಪಕಿ

ಮತಗಳ ಲೆಕ್ಕದ ಬಗ್ಗೆಯೇ ನನಗೆ ಆತಂಕವಿದೆ. ತತ್ವಪದಗಳ ಭಾಷೆ ನಮ್ಮ ಸೀಮೆಯ ಆಡುಮಾತು. ಅದರಲ್ಲಿ ಉರ್ದುವಿನಿಂದ ಬಂದ ಪದಗಳೂ ಬೆರೆತಿವೆ. ಪುಟದಲ್ಲಿ ‘ಮ್ಯಾಲ’ ಎಂದಿದ್ದರೆ, ಚಿತ್ರವನ್ನು ಅವಸರದಲ್ಲಿ ನೋಡಿದ ಮೂವರು ಶಿಷ್ಟರೂಪವೇ ಸರಿಯೆಂದು ‘ಮೇಲೆ’ ಎಂದು ಬರೆಯುವುದು ಅಸಂಭವವಲ್ಲ. ಮೂವರೂ ಒಂದೇ ಬರೆದರೆಂಬ ಕಾರಣಕ್ಕೆ ಆ ತಪ್ಪು ಅಂಗೀಕೃತವಾಗುತ್ತದೆ. ಅದಕ್ಕಿಂತ ದೊಡ್ಡ ಅಪಾಯವೆಂದರೆ, ರೀಕ್ಯಾಪ್ಚಾದಲ್ಲಿ ಹೀಗೆ ಒಪ್ಪಿತವಾದ ಪದವನ್ನೇ ಮುಂದೆ ಪರೀಕ್ಷಾಪದವಾಗಿ ಬಳಸುತ್ತಿದ್ದರು. ಇಲ್ಲಿ ಹಾಗೆ ಮಾಡಿದರೆ, ಪುಟದಲ್ಲಿರುವುದನ್ನು ಇದ್ದಂತೆಯೇ ಬರೆದ ನಾಲ್ಕನೆಯ ಓದುಗ ಮನುಷ್ಯನೇ ಅಲ್ಲವೆಂದು ಹೊರಗುಳಿಯುತ್ತಾನೆ! ಕಡಕೋಳ ಮಡಿವಾಳಪ್ಪನವರ ಪದಗಳನ್ನು ಭಜನೆಯಲ್ಲಿ ಕೇಳಿ ಬೆಳೆದ ಹಿರಿಯರು ನಮ್ಮ ಜಿಲ್ಲೆಗಳಲ್ಲಿ ಈಗಲೂ ಇದ್ದಾರೆ. ಅವರಿಗೆ ಬಿಡಿ ಪದದ ಚಿತ್ರ ತೋರಿಸಬೇಡಿ, ಇಡೀ ನುಡಿಯನ್ನು ತೋರಿಸಿ. ಹಿಂದುಮುಂದಿನ ಸಾಲು, ಪ್ರಾಸ ಕಣ್ಣೆದುರಿದ್ದರೆ ‘ಧನ’ವೋ ‘ದನ’ವೋ ಎಂಬುದು ಅಲ್ಲಿಯೇ ಇತ್ಯರ್ಥವಾಗುತ್ತದೆ.

ಉತ್ತರ 3: ಯಾದಗಿರಿಯ ವಿಕಿಸೋರ್ಸ್ ಕಾರ್ಯಕರ್ತ

ಮೇಡಂ ಹೇಳಿದ್ದು ನೂರಕ್ಕೆ ನೂರು ನಿಜ. ಇದರ ಜೊತೆಗೆ ಯಂತ್ರದ ಮಟ್ಟದ ತೊಡಕೊಂದಿದೆ. ‘ಕಾರ್ಯ’ ಎಂಬುದನ್ನು ಅರ್ಕಾವತ್ತಿನಿಂದಲೂ ಬರೆಯಬಹುದು, ರಕಾರಕ್ಕೆ ಯವೊತ್ತು ಕೊಟ್ಟೂ ಬರೆಯಬಹುದು. ಗಣಕದಲ್ಲಿ ಅಕ್ಷರಗಳಿಗೆ ಸಂಕೇತ ಕೊಡುವ ಯೂನಿಕೋಡಿನಲ್ಲಿ ಇವೆರಡರ ಸಂಕೇತಸರಣಿ ಬೇರೆ. ಸೊನ್ನೆ ಅಂಕಿಯೂ ಅನುಸ್ವಾರವೂ ಕಣ್ಣಿಗೆ ಒಂದೇ, ಸಂಕೇತ ಬೇರೆ. ಇವನ್ನು ಮೊದಲೇ ಏಕರೂಪಕ್ಕೆ ತರದಿದ್ದರೆ, ಒಂದೇ ಓದಿಗೆ ಬಿದ್ದ ಮತಗಳೂ ಒಡೆದುಹೋಗುತ್ತವೆ.

ನನ್ನ ಸಲಹೆ ಇಷ್ಟು: ರೀಕ್ಯಾಪ್ಚಾದಿಂದ ಅನುಮಾನದ ಪದಗಳನ್ನು ಬೇರ್ಪಡಿಸುವ ಉಪಾಯವನ್ನು ಮಾತ್ರ ತೆಗೆದುಕೊಳ್ಳಿ. ಪುಟಗಳನ್ನು ಎರಡು ಓಸಿಆರ್‌ಗಳಿಗೆ ಓದಿಸಿ, ಓದು ಭಿನ್ನವಾದ ಸಾಲುಗಳಿಗೆ ಗುರುತು ಹಾಕಿ, ಕರಡು ತಿದ್ದುವವರು ಅಲ್ಲಿ ಹೆಚ್ಚು ಹೊತ್ತು ನಿಲ್ಲುವಂತೆ ಮಾಡಿ. ಆದರೆ ಎರಡೂ ತಂತ್ರಾಂಶಗಳು ಸೇರಿಯೇ ‘ದನ’ ಎಂದು ತಪ್ಪಿದ ಕಡೆ ಗುರುತು ಬೀಳುವುದಿಲ್ಲವಾದ್ದರಿಂದ, ಪೂರ್ತಿ ಪುಟದ ಓದು ತಪ್ಪಿಸುವಂತಿಲ್ಲ. ತಿದ್ದುವ ಕೆಲಸವನ್ನು ಮುಕ್ತ ಗ್ರಂಥಭಂಡಾರವಾದ ಕನ್ನಡ ವಿಕಿಸೋರ್ಸ್‌ನಲ್ಲಿ ನಡೆಸಬಹುದು. ಅಲ್ಲಿ ಪುಟದ ಚಿತ್ರ ಮತ್ತು ಪಠ್ಯ ಅಕ್ಕಪಕ್ಕ ಕಾಣುತ್ತವೆ. ಒಬ್ಬರು ತಿದ್ದಿದ ಪುಟ ಹಳದಿ, ಇನ್ನೊಬ್ಬರು ಪರಿಶೀಲಿಸಿದ ಮೇಲೆ ಹಸಿರು. ಪುಟ ಏರಿಸುವ ಮುನ್ನ ಹಕ್ಕುಸ್ವಾಮ್ಯ ನೋಡಿಕೊಳ್ಳಿ. ಪದಗಳು ಎಷ್ಟೇ ಹಳೆಯವಾದರೂ ಸಂಪಾದಕರ ಪೀಠಿಕೆ ಮತ್ತು ಟಿಪ್ಪಣಿಗಳಿಗೆ, ಅವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ರಕ್ಷಣೆ ಇರುತ್ತದೆ.

ಆಳಂದದ ಓದುಗ

ಮೂವರಿಗೂ ಶರಣು. ಕಾಲೇಜು ಜಾಲತಾಣದ ಯೋಚನೆ ಬಿಟ್ಟೆವು. ಪೀಠಿಕೆಗಳನ್ನು ಬದಿಗಿಟ್ಟು, ಪದಗಳ ಪುಟಗಳನ್ನಷ್ಟೇ ಮೊದಲು ಎರಡು ಓಸಿಆರ್‌ಗಳಿಗೆ ಕೊಡುತ್ತೇವೆ. ಮೇಡಂ, ನಮ್ಮೂರ ಭಜನಾ ಮಂಡಳಿಯ ಹಿರಿಯರಿಗೆ ಟೈಪ್ ಮಾಡಲು ಬಾರದು. ಅವರು ಪುಟ ನೋಡಿ ಗಟ್ಟಿಯಾಗಿ ಓದುತ್ತಾ ಹೋದರೆ, ಪಕ್ಕದಲ್ಲಿ ಕೂತ ಹುಡುಗರು ತಿದ್ದಬಹುದೇ?

ಕಲಬುರಗಿಯ ನಿವೃತ್ತ ಕನ್ನಡ ಅಧ್ಯಾಪಕಿ

ಅಗತ್ಯವಾಗಿ ಮಾಡಿ. ಆದರೆ ಹಿರಿಯರು ಬಾಯಿಪಾಠದಿಂದ ಹಾಡಿದ ರೂಪ ಮುದ್ರಿತ ರೂಪಕ್ಕಿಂತ ಬೇರೆಯಾದಾಗ, ಪಠ್ಯದಲ್ಲಿ ಪುಟದಲ್ಲಿರುವುದನ್ನೇ ಉಳಿಸಿ, ಅವರ ಪಾಠವನ್ನು ಪ್ರತ್ಯೇಕ ವಹಿಯಲ್ಲಿ ಬರೆದಿಡಿ. ಅದು ಕೂಡ ಮುಂದೆ ಸಂಪಾದನೆಗೆ ಬೇಕಾಗುವ ಸಾಮಗ್ರಿ.