ಹೋಸ್ಟಿಂಗ್ ಕಂಪನಿಯನ್ನು ನಂಬಬಹುದಾ ಅಂತ ಏನು ನೋಡಿ ತೀರ್ಮಾನಿಸಿದಿರಿ?

ಸಣ್ಣ ಅಂಗಡಿಯೊಂದಕ್ಕೆ ವೆಬ್‌ಸೈಟ್ ಮಾಡಿಕೊಡುತ್ತಿದ್ದೇನೆ, ಅದನ್ನು ಇಡಲು ಸರ್ವರ್ ಬಾಡಿಗೆಗೆ ಕೊಡುವ ಕಂಪನಿ ಬೇಕು. ಆರ್ಡರ್ ಎಲ್ಲ ಸೈಟ್‌ನಲ್ಲೇ ಬರುವುದರಿಂದ ಅದು ಆಗಾಗ ಬಿದ್ದರೆ ಕಷ್ಟ. ಎಲ್ಲ ಕಂಪನಿಗಳೂ 99.9% ಅಪ್‌ಟೈಮ್ (ಸೈಟ್ ಬೀಳದೆ ನಡೆಯುವ ಸಮಯ) ಅಂತಲೇ ಬರೆದುಕೊಂಡಿವೆ. ರಿವ್ಯೂ ಓದಿದರೆ ತಲೆ ಇನ್ನೂ ಕೆಡುತ್ತದೆ. ಅನುಭವ ಇರುವವರು ಹೇಳಿ.

ಉತ್ತರ 1
ರಿವ್ಯೂ ಬಿಡಿ, ಎಷ್ಟೋ ಕಡೆ ಲಿಂಕ್ ಒತ್ತಿ ಕೊಂಡರೆ ಬರೆದವರಿಗೆ ಕಮಿಷನ್ ಇರುತ್ತದೆ. ಆ 99.9 ಅನ್ನು ಗಂಟೆಗೆ ಇಳಿಸಿ ನೋಡಿ. ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಸೈಟ್ ಬಿದ್ದಿದ್ದರೂ ಅವರು ಮಾತು ಉಳಿಸಿಕೊಂಡ ಹಾಗೇ ಲೆಕ್ಕ. 99.99 ಆದರೆ 52 ನಿಮಿಷ ಚಿಲ್ಲರೆ. ಮೊದಲೇ ತಿಳಿಸಿ ಮಾಡುವ ಮೇಂಟೆನೆನ್ಸ್ ಸಾಮಾನ್ಯವಾಗಿ ಇದರಲ್ಲಿ ಸೇರುವುದೇ ಇಲ್ಲ. ಮಾತು ತಪ್ಪಿದರೆ ಏನು ಸಿಗುತ್ತದೆ ಅಂತ ಎಸ್‌ಎಲ್‌ಎ (ಸೇವೆ ಬಗ್ಗೆ ಅವರು ಕೊಡುವ ಲಿಖಿತ ಭರವಸೆ) ಓದಿ. ಹೆಚ್ಚಿನ ಕಡೆ ಬಿಲ್ಲಿನಲ್ಲಿ ಒಂದಿಷ್ಟು ಕ್ರೆಡಿಟ್, ಅದೂ ನೀವಾಗಿ ಕೇಳಿದರೆ. ಕೈತಪ್ಪಿದ ಆರ್ಡರ್‌ಗಳಿಗೆ ಯಾರೂ ದುಡ್ಡು ಕೊಡುವುದಿಲ್ಲ.

ಉತ್ತರ 2
ಲೆಕ್ಕ ಸರಿ. ಆದರೆ ಶೇರ್ಡ್ ಹೋಸ್ಟಿಂಗ್‌ನಲ್ಲಿ ನನಗೆ ಕಾಟ ಕೊಟ್ಟಿದ್ದು ಸೈಟ್ ಬೀಳುವುದಲ್ಲ, ತೆವಳುವುದು. ಒಂದೇ ಸರ್ವರ್‌ನಲ್ಲಿ ಎಷ್ಟೋ ಸೈಟ್ ಇರುತ್ತವೆ, ಅದರಲ್ಲಿ ಯಾವುದೋ ಒಂದಕ್ಕೆ ಜನ ನುಗ್ಗಿದರೆ ನಮ್ಮದೂ ನಿಧಾನ, ಆದರೆ ಅವರ ಲೆಕ್ಕದಲ್ಲಿ ಸರ್ವರ್ ಚೆನ್ನಾಗಿಯೇ ಇದೆ! 'ಅನ್‌ಲಿಮಿಟೆಡ್' ಅಂದಲ್ಲೂ ಷರತ್ತು ತೆಗೆದು ನೋಡಿ, ಸಿಪಿಯು, ರ‍್ಯಾಮ್, ಇಡಬಹುದಾದ ಫೈಲ್‌ಗಳ ಸಂಖ್ಯೆ, ಎಲ್ಲಕ್ಕೂ ಮಿತಿ ಇರುತ್ತದೆ.

ಡಿಸ್ಕೌಂಟ್ ನೋಡಿ ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟಬೇಡಿ. ಒಂದು ತಿಂಗಳ ಪ್ಲ್ಯಾನ್ ತಗೊಂಡು ಟೆಸ್ಟ್ ಸೈಟ್ ಹಾಕಿ, ಅಪ್‌ಟೈಮ್‌ರೋಬೋಟ್ ಥರದ ಸೇವೆಯಿಂದ ಐದೈದು ನಿಮಿಷಕ್ಕೆ ತಪಾಸಣೆ ಇಡಿ. ಸುಮ್ನೆ ಖಾಲಿ ಪುಟ ಕೊಡಬೇಡಿ, ಡೇಟಾಬೇಸ್‌ನಿಂದ ಮಾಹಿತಿ ತರುವ ಪುಟವನ್ನೇ ಕೊಡಿ. ಡೇಟಾಬೇಸ್ ಸತ್ತಿದ್ದರೂ ಖಾಲಿ ಪುಟ ನಗುನಗುತ್ತಾ ತೆರೆದುಕೊಳ್ಳುತ್ತದೆ.

ಉತ್ತರ 3
ಕಂಪನಿಯ ಸ್ಟೇಟಸ್ ಪೇಜ್ (ಸೇವೆ ಸರಿಯಿದೆಯಾ ಅಂತ ತೋರಿಸುವ ಪುಟ) ತೆಗೆದು ಹಳೆಯ ದಾಖಲೆ ಓದಿ. ಎಲ್ಲ ದಿನವೂ ಹಸಿರು ಇದ್ದರೆ ನನಗಂತೂ ಅನುಮಾನ. ಏನು ಕೆಟ್ಟಿತ್ತು, ಯಾಕೆ, ಏನು ಬದಲಿಸಿದೆವು ಅಂತ ಬಿಡಿಸಿ ಬರೆಯುವವರೇ ವಾಸಿ. ಆ ಪುಟ ಬೇರೆ ಕಡೆ ಇರಬೇಕು ಕೂಡ. 2017ರ ಫೆಬ್ರವರಿ 28ರಂದು ಅಮೆಜಾನ್‌ನ ಎಸ್3 (ಫೈಲ್ ಇಡುವ ಸೇವೆ) ಕೆಟ್ಟಾಗ ಅವರ ಸ್ಟೇಟಸ್ ಪೇಜ್ ಅದನ್ನೇ ನೆಚ್ಚಿಕೊಂಡಿತ್ತು, ಹಾಗಾಗಿ ಕೆಲ ಹೊತ್ತು ಅದನ್ನು ಬದಲಿಸಲಿಕ್ಕೇ ಆಗಲಿಲ್ಲ.

ದುಡ್ಡು ಕಟ್ಟುವ ಮುಂಚೆ ರಜೆ ದಿನ ರಾತ್ರಿ ಒಂದು ತಾಂತ್ರಿಕ ಪ್ರಶ್ನೆ ಕಳಿಸಿ. ಉತ್ತರ ಬೇಗ ಬರುವುದಕ್ಕಿಂತ ಪ್ರಶ್ನೆ ಓದಿ ಬರೆದಿದ್ದಾರಾ ಅನ್ನುವುದು ಮುಖ್ಯ.

ಉತ್ತರ 4
ಬ್ಯಾಕಪ್ ಬಗ್ಗೆ ಯಾರೂ ಹೇಳಲಿಲ್ಲವಲ್ಲ! 'ದಿನವೂ ಬ್ಯಾಕಪ್' ಅಂದರೆ ಅದು ಎಲ್ಲಿದೆ ಅಂತ ಕೇಳಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ ಕೆಲವರ ಸೈಟ್ ಜೊತೆ ಬ್ಯಾಕಪ್ಪೂ ಹೋಯಿತು, ಎರಡೂ ಒಂದೇ ಜಾಗದಲ್ಲಿದ್ದವು. ಒಂದು ಪ್ರತಿ ನಿಮ್ಮ ಕೈಯಲ್ಲೇ ಇರಲಿ. ಅದನ್ನು ಬೇರೆ ಕಡೆ ಏರಿಸಿ, ಸೈಟ್ ನಿಜವಾಗಿ ಎದ್ದು ನಿಲ್ಲುತ್ತದಾ ನೋಡಿ.

ಪ್ರಶ್ನೆ ಕೇಳಿದವರು
ತುಂಬಾ ಥ್ಯಾಂಕ್ಸ್. ಡೊಮೇನ್ (ಸೈಟ್‌ನ ಹೆಸರು) ಉಚಿತ ಅನ್ನುತ್ತಾರೆ, ಅಲ್ಲೇ ತಗೊಳ್ಳಲಾ?

ಉತ್ತರ 4
ಬೇಡ, ಬೇರೆ ಕಡೆ ನಿಮ್ಮ ಗ್ರಾಹಕರ ಹೆಸರಲ್ಲೇ ಕೊಳ್ಳಿ. ಡಿಎನ್‌ಎಸ್ (ಆ ಹೆಸರನ್ನು ಸರ್ವರ್ ವಿಳಾಸಕ್ಕೆ ಜೋಡಿಸುವ ವ್ಯವಸ್ಥೆ) ಕೂಡ ಹೋಸ್ಟಿಂಗ್‌ನಿಂದ ಬೇರೆಯಾಗಿರಲಿ, ಟಿಟಿಎಲ್ (ಹಳೆಯ ವಿಳಾಸವನ್ನು ಬೇರೆ ಸರ್ವರ್‌ಗಳು ನೆನಪಿಟ್ಟುಕೊಳ್ಳುವ ಅವಧಿ) 300 ಸೆಕೆಂಡ್ ಇಡಿ. ಆಗ ಇವರು ಕೈಕೊಟ್ಟರೆ ಬ್ಯಾಕಪ್ ಇನ್ನೊಂದು ಕಡೆ ಹಾಕಿ ವಿಳಾಸ ತಿರುಗಿಸಬಹುದು, ಯಾರ ಅಪ್ಪಣೆಯೂ ಬೇಕಾಗಿಲ್ಲ.