ಸೂರ್ಯನ ಕುದುರೆ (ಮ್ಯಾಂಟಿಸ್ ಹುಳ) ಪೊರೆ ಬಿಡುವಾಗ ಸಾಯ್ತಿದೆ, ಅರ್ಜೆಂಟ್ ಹೆಲ್ಪ್ ಬೇಕು

ಕರಿಬೇವು_ಗಿಡ:
ನಮಸ್ಕಾರ ಎಲ್ರಿಗೂ. ಹಿತ್ತಲಲ್ಲಿ ಸಿಕ್ಕ ಮೊಟ್ಟೆಗೂಡು ಒಡೆದು ನೂರಕ್ಕೂ ಜಾಸ್ತಿ ಮರಿ ಬಂತು, ಆರು ಇಟ್ಕೊಂಡು ಮಿಕ್ಕಿದ್ದನ್ನ ಗಿಡಕ್ಕೇ ಬಿಟ್ಟೆ. ಹಸಿರು ಜಾತಿ, ಹಿರೋಡುಲಾ ಇರ್ಬೇಕು. ಮೊದ್ಲು ಬಾಳೆಹಣ್ಣಿನ ನೊಣ, ಆಮೇಲೆ ಕ್ರಿಕೆಟ್ ಹುಳ, ಚೆನ್ನಾಗೇ ತಿಂದ್ವು, ಆದ್ರೆ ಹೋದ ವಾರ ಒಂದು ಅರ್ಧ ಪೊರೆ ಬಿಟ್ಟು ಕೆಳಗೆ ಬಿದ್ದು ಕಾಲೆಲ್ಲಾ ಸೊಟ್ಟ ಆಗಿ ಸತ್ತೋಯ್ತು, ಮೊನ್ನೆ ಇನ್ನೊಂದು ಪೊರೆ ಬಿಟ್ಟಿತ್ತು ಆದ್ರೆ ಹೊಟ್ಟೆ ಹತ್ರ ಯಾವ್ದೋ ಕಚ್ಚಿ ತಿಂದಂಗಿತ್ತು. ಈಗ ದೊಡ್ಡ ಹೆಣ್ಣು ನಾಲ್ಕು ದಿನದಿಂದ ಏನೂ ಮುಟ್ತಿಲ್ಲ. ಇರೋದು ಐದು ಇಂಚಿನ ಪ್ಲಾಸ್ಟಿಕ್ ಡಬ್ಬಿ, ಮುಚ್ಚಳಕ್ಕೆ ತೂತು ಮಾಡಿದೀನಿ. ಇದೊಂದನ್ನಾದ್ರೂ ಉಳಿಸ್ಕೊಂಡು ಮರಿ ಮಾಡಿಸ್ಬೇಕು ಅಂತ ಆಸೆ.

ಹಸಿರೆಲೆ:
ತೇವ ಕಮ್ಮಿ ಆಗಿದೆ ಬ್ರೋ, ದಿನಕ್ಕೆ ಮೂರು ಸಲ ಸ್ಪ್ರೇ ಮಾಡಿ.

ಹುಳದ_ಮಾಸ್ತರ್:
ಬರೀ ನೀರು ಹೊಡೆದ್ರೆ ಆಗಲ್ಲ, ಗಾಳಿ ಆಡ್ದಿರೋ ಡಬ್ಬಿಲಿ ಬೂಷ್ಟು ಹಿಡಿಯುತ್ತೆ. ಡಬ್ಬೀನೇ ತಪ್ಪು. ಇವು ತಲೆಕೆಳಗಾಗಿ ನೇತಾಡ್ಕೊಂಡೇ ಪೊರೆಯಿಂದ ಜಾರಿ ಹೊರಗೆ ಬರೋದು, ಮುಚ್ಚಳ ನುಣ್ಣಗಿದ್ರೆ ಉಗುರು ಹಿಡಿಯಲ್ಲ, ಬಿದ್ರೆ ಮುಗೀತು. ಎತ್ತರ ಮೈ ಉದ್ದದ ಮೂರು ಪಟ್ಟಾದ್ರೂ ಬೇಕು. ಎರಡನೇದನ್ನ ಕಚ್ಚಿದ್ದು ನೀವು ಹಾಕಿದ ಕ್ರಿಕೆಟ್ ಹುಳಾನೇ, ಪೊರೆ ಬಿಟ್ಟ ಹೊಸದ್ರಲ್ಲಿ ಮೈ ಬೆಣ್ಣೆ ಥರ ಇರುತ್ತಲ್ಲ, ಹಸಿದ ಕ್ರಿಕೆಟ್ ಬಿಡುತ್ತಾ? ಊಟ ಬಿಟ್ಟಿದೆ ಅಂದ ತಕ್ಷಣ ಡಬ್ಬಿಲಿರೋ ಜೀವಂತ ಹುಳ ಎಲ್ಲಾ ತೆಗೀಬೇಕು.

ಬೆನ್ನ ಮೇಲೆ ರೆಕ್ಕೆ ಮೊಗ್ಗು ಉಬ್ಬಿದ್ಯಾ ನೋಡಿ, ಉಬ್ಬಿದ್ರೆ ಇದೇ ಕೊನೇ ಪೊರೆ, ಇವತ್ತೋ ನಾಳೆಯೋ. ಚಿಕ್ಕ ಮರಿ ಕಾಲು ಕಳ್ಕೊಂಡ್ರೆ ಮುಂದಿನ ಪೊರೆಲಿ ಮತ್ತೆ ಬರುತ್ತೆ, ಇದಕ್ಕೆ ಆ ಅವಕಾಶ ಇಲ್ಲ. ಎತ್ತರದ ಡಬ್ಬಿ ತಗೊಂಡು ಮೇಲೆ ಸೊಳ್ಳೆ ಪರದೆ ಬಟ್ಟೆ ಬಿಗಿಯಾಗಿ ಕಟ್ಟಿ, ಸಂಜೆ ಒಂದು ಸಲ ನೀರು ಚಿಮುಕ್ಸಿ. ಈಗಾಗ್ಲೇ ಅಲ್ಲಾಡದೆ ನೇತಾಡ್ತಿದ್ರೆ ಮಾತ್ರ ಮುಟ್ಲೇಬೇಡಿ. ಮತ್ತೆ ಆ ರೂಮಲ್ಲಿ ಸೊಳ್ಳೆ ಓಡ್ಸೋ ಲಿಕ್ವಿಡ್ ಮಿಷಿನ್ ಹಾಕ್ತೀರಾ? ಅದು ಇವಕ್ಕೂ ವಿಷಾನೇ.

ಕರಿಬೇವು_ಗಿಡ:
ಅಯ್ಯೋ, ಮಿಷಿನ್ ರಾತ್ರಿಯೆಲ್ಲಾ ಆನ್ ಇರ್ತಿತ್ತು ಸರ್. ಮೊಗ್ಗು ಉಬ್ಬಿದೆ, ಇನ್ನೂ ಓಡಾಡ್ತಿದೆ. ಈಗ್ಲೇ ಬದಲಾಯಿಸ್ತೀನಿ.

ಕರಿಬೇವು_ಗಿಡ:
ಸರ್ ಆಯ್ತು!! ರಾತ್ರಿ ಒಂದೂವರೆಗೆ ಶುರು ಮಾಡ್ತು, ನಾನು ಉಸಿರು ಬಿಗಿ ಹಿಡ್ಕೊಂಡು ಕೂತಿದ್ದೆ, ರೆಕ್ಕೆ ಎರಡೂ ನೆಟ್ಟಗೆ ಬಿಚ್ಕೊಂಡಿದೆ. ಊಟ ಯಾವಾಗ ಕೊಡ್ಲಿ? ಉಳಿದ ಮೂರರಲ್ಲಿ ಗಂಡು ಯಾವ್ದು ಅಂತ ಹೆಂಗೆ ಗೊತ್ತಾಗುತ್ತೆ?

ಹುಳದ_ಮಾಸ್ತರ್:
ತುಂಬಾ ಖುಷಿ ಆಯ್ತು. ಎರಡು ಮೂರು ದಿನ ಮೈ ಗಟ್ಟಿ ಆಗ್ಲಿ, ಆಮೇಲೆ ಊಟ. ಹೊಟ್ಟೆ ಕೆಳಭಾಗದ ಪಟ್ಟಿ ಎಣಿಸಿ, ಹೆಣ್ಣಿಗೆ ಆರು ಗಂಡಿಗೆ ಎಂಟು ಕಾಣುತ್ತೆ. ಈಗ್ಲೇ ಜೋಡಿ ಹಾಕ್ಬೇಡಿ, ಹೆಣ್ಣಿಗೆ ಎರಡು ಮೂರು ವಾರ ಬೇಕು. ಆ ದಿನ ಹೊಟ್ಟೆ ತುಂಬಾ ತಿನ್ಸಿ, ಅದು ಇನ್ನೂ ತಿಂತಿರುವಾಗ್ಲೇ ಹಿಂದುಗಡೆಯಿಂದ ಗಂಡನ್ನ ಬಿಡಿ, ಹಸಿದಿದ್ರೆ ಗಂಡನ್ನೇ ತಿಂದ್ಬಿಡುತ್ತೆ. ಜೋಡಿ ಆಗೋ ಮುಂಚೆ ಗೂಡು ಕಟ್ಟಿದ್ರೆ ಅದ್ರಿಂದ ಮರಿ ನಿರೀಕ್ಷೆ ಮಾಡ್ಬೇಡಿ, ಗಂಡಿಲ್ದೇನೂ ಗೂಡು ಕಟ್ತಾವೆ. ಆ ಮೂರರ ಹೊಟ್ಟೆ ಫೋಟೋ ಹಾಕಿ, ನಾನೂ ಎಣಿಸಿ ಹೇಳ್ತೀನಿ.